ಅಕಸ್ಮಾತ್ ಮಡಿಕೇರಿಗೆ ಹೋಗಬೇಕಾಗಿ ಬಂದರೆ

ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳೋಣ ಅಂತಿದ್ದೀನಿ ಎಂದು ಬೆಳಗಿನ ವಾಕಿಂಗಿನಲ್ಲಿ ಒಬ್ಬರ ಬಳಿ ಬಾಯಿ ಬಿಟ್ಟರೆ ಸಾಕು, ಸಂಜೆಯೊಳಗೆ ಇಡೀ ಕುವೆಂಪುನಗರಕ್ಕೆ ಸುದ್ದಿ ಮುಟ್ಟಿರುತ್ತದೆ. ಸುದ್ದಿ ಮುಟ್ಟಿದರೆ ಚಿಂತೆಯಿಲ್ಲ. ಇಡೀ ಕುವೆಂಪುನಗರಕ್ಕೆ ಆ ವಿಷಯದಲ್ಲಿ ಅಭಿಪ್ರಾಯವೂ ಇರುತ್ತದೆ, ಅದೇ ಕಷ್ಟ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ಮುಗಿಸುವುದರೊಳಗೆ ನನಗೆ ನಾಲ್ಕು ಕಂಪನಿಗಳ ಜಾತಕ ಗೊತ್ತಾಗಿಹೋಗಿತ್ತು. ಹೇಳಿದವರಲ್ಲಿ ಯಾರ ಬಳಿಯೂ ಎಲೆಕ್ಟ್ರಿಕ್ ಸ್ಕೂಟರ್ ಇರಲಿಲ್ಲ. ಒಬ್ಬರ ಬಳಿಯಂತೂ ಯಾವ ಸ್ಕೂಟರೂ ಇರಲಿಲ್ಲ. ಅವರೇ ಹೆಚ್ಚು ಖಚಿತವಾಗಿ ಮಾತಾಡಿದವರು.

ಹಳೆಯ ಪೆಟ್ರೋಲ್ ಗಾಡಿಗೆ ಹದಿನೈದು ವರ್ಷ ತುಂಬಿತ್ತು. ಹದಿನೈದಾದ ಮೇಲೆ ಆರ್‌ಟಿಓ ಕಚೇರಿಗೆ ಕರೆದೊಯ್ದು, ಇದು ಇನ್ನೂ ಓಡುವ ಸ್ಥಿತಿಯಲ್ಲಿದೆ ಎಂದು ತೋರಿಸಿ, ತೆರಿಗೆ ಕಟ್ಟಿ ಮತ್ತೆ ಐದು ವರ್ಷದ ಆರ್‌ಸಿ ತರಬೇಕು. ನಾನೂ ಎರಡು ವರ್ಷದಲ್ಲಿ ನಿವೃತ್ತನಾಗುವವನು. ಇಬ್ಬರೂ ಒಂದೇ ಬಾರಿಗೆ ಎಫ್‌ಸಿಗೆ ನಿಲ್ಲುವುದು ಬೇಡ ಅನ್ನಿಸಿತು.

ನಮ್ಮ ತಂದೆ ಸ್ಕೂಟರನ್ನು ಆರಿಸಿದವರಲ್ಲ. ಕಾದವರು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಬುಕ್ ಮಾಡಿದ ಬಜಾಜ್ ಚೇತಕ್, ನಾನು ಎಸ್ಸೆಸ್ಸೆಲ್ಸಿಗೆ ಬಂದಾಗ ಮನೆಗೆ ಬಂತು. ಅದೇನೂ ವಿಶೇಷವಲ್ಲ, ಹತ್ತು ವರ್ಷ ಕಾದವರೂ ಆಗ ಇದ್ದರು. ಡಾಲರ್ ಕಳಿಸುವ ನೆಂಟರಿದ್ದವರಿಗೆ ಬೇಗ ಸಿಗುತ್ತಿತ್ತು; ನಮ್ಮ ನೆಂಟರೆಲ್ಲ ಹೊಳೆನರಸೀಪುರದ ಆಚೆ ದಾಟಿದವರಲ್ಲ. ಬಣ್ಣ ಯಾವುದು ಬೇಕು ಎಂದು ತಂದೆಯವರನ್ನು ಯಾರೂ ಕೇಳಲಿಲ್ಲ, ಅವರೂ ಯಾರನ್ನೂ ಕೇಳಲಿಲ್ಲ. ಬಂದದ್ದು ಒಂಥರಾ ಹಸಿರು. ಆಮೇಲೆ ಮೂವತ್ತು ವರ್ಷ ಅದೇ ಅವರ ಮೆಚ್ಚಿನ ಬಣ್ಣವಾಗಿತ್ತು. ಸ್ಟಾರ್ಟ್ ಆಗದಿದ್ದರೆ ಗಾಡಿಯನ್ನು ಎಡಕ್ಕೊಮ್ಮೆ ವಾಲಿಸುವುದು, ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜುವುದು, ಪೆಟ್ರೋಲಿಗೆ ಆಯಿಲ್ ಬೆರೆಸುವುದು, ದಾರಿಯಲ್ಲಿ ಗಾಡಿ ಗೊರಗೊರ ಎಂದಾಗ ಬಗ್ಗಿ ರಿಸರ್ವಿಗೆ ತಿರುಗಿಸುವುದು ಎಲ್ಲವನ್ನೂ ಅವರು ಸಂಧ್ಯಾವಂದನೆಯಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದರು. ಈ ಗಾಡಿ ನಂಬಿಕೆಗೆ ಅರ್ಹವೋ ಅಲ್ಲವೋ ಎಂಬ ಪ್ರಶ್ನೆ ಅವರಿಗೆ ಬಂದದ್ದೇ ಇಲ್ಲ. ಗಾಡಿ ಅವರನ್ನು ನಂಬಿಕೊಂಡಿತ್ತು.

ಆ ಚೇತಕ್ ಎಂಬ ಹೆಸರೇ 2020ರಲ್ಲಿ ಎಲೆಕ್ಟ್ರಿಕ್ ಆಗಿ ವಾಪಸು ಬಂದಿದೆ. ಶೋರೂಮಿನ ಹುಡುಗ, “ಸಾರ್, ಇವತ್ತು ದುಡ್ಡು ಕಟ್ಟಿದ್ರೆ ವಾರದಲ್ಲಿ ಡೆಲಿವರಿ” ಎಂದ. ನನಗೆ ಸಂತೋಷವಾಗಬೇಕಿತ್ತು. ಗಾಬರಿಯಾಯಿತು. ಏಳು ವರ್ಷ ಯೋಚಿಸಲು ಸಮಯ ಸಿಗುತ್ತಿದ್ದ ವಿಷಯವನ್ನು ಈತ ವಾರಕ್ಕೆ ತಂದಿದ್ದಾನೆ.

ಬೆಂಗಳೂರಿನಿಂದ ಭಾವಮೈದುನ ಬಂದ. ಅವನು ಸಾಫ್ಟ್‌ವೇರಿನವನು, ಎಲೆಕ್ಟ್ರಿಕ್ ಸ್ಕೂಟರ್ ಎಂದರೆ ಅವನಿಗೆ ತವರುಮನೆಯ ಹೆಮ್ಮೆ. ಏಥರ್ 450 ಬಂದದ್ದು 2018ರಲ್ಲಿ ಬೆಂಗಳೂರಿನಲ್ಲೇ, ಟಿವಿಎಸ್ ಐಕ್ಯೂಬ್ 2020ರಲ್ಲಿ ಮೊದಲು ಇಳಿದದ್ದೂ ಬೆಂಗಳೂರಿನಲ್ಲೇ, ಓಲಾ ಎಲೆಕ್ಟ್ರಿಕ್ ಕಚೇರಿಯೂ ಅಲ್ಲೇ ಎಂದು ಲೆಕ್ಕ ಒಪ್ಪಿಸಿದ. ಕಾರ್ಖಾನೆಗಳೆಲ್ಲ ಹೊಸೂರು, ಕೃಷ್ಣಗಿರಿ ಕಡೆಗೆ ಹೋಗಿವೆಯಲ್ಲ ಮಾರಾಯ ಎಂದೆ. ಅದನ್ನು ಅವನು ಕೇಳಿಸಿಕೊಳ್ಳಲಿಲ್ಲ.

“ಭಾವ, ಮುಖ್ಯ ರೇಂಜು. ಒಂದು ಚಾರ್ಜಿಗೆ ಎಷ್ಟು ಹೋಗುತ್ತೆ ಅನ್ನೋದು ನೋಡಬೇಕು.”

“ನಾನು ದಿನಕ್ಕೆ ಹದಿನೈದು ಕಿಲೋಮೀಟರ್ ಹೋದರೆ ಹೆಚ್ಚು. ಕಾಲೇಜು, ದೇವರಾಜ ಮಾರ್ಕೆಟ್ಟು, ಸಿದ್ಧಾರ್ಥ ಬಡಾವಣೆಯ ಅಕ್ಕನ ಮನೆ.”

“ಅದು ದಿನಾ ಆಯ್ತು. ಅಕಸ್ಮಾತ್ ನಂಜನಗೂಡಿಗೆ ಹೋಗಬೇಕಾದ್ರೆ?”

“ಹೋಗಿ ಬಂದರೆ ಐವತ್ತು.”

“ಅಕಸ್ಮಾತ್ ಮಡಿಕೇರಿಗೆ ಹೋಗಬೇಕಾಗಿ ಬಂದ್ರೆ?”

ಅಡಿಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನನ್ನ ಹೆಂಡತಿ ಅಲ್ಲಿಂದಲೇ ಒಮ್ಮೆ ತಿರುಗಿ ನನ್ನ ಮುಖ ನೋಡಿ, ಮತ್ತೆ ಒಗ್ಗರಣೆಯ ಕಡೆ ತಿರುಗಿದಳು. ಅದಕ್ಕೊಂದು ಇತಿಹಾಸವಿದೆ. ಮದುವೆಯಾದ ಹೊಸದರಲ್ಲಿ, ತಂದೆಯವರು ಚೇತಕ್ಕಿನ ಬೀಗದಕೈಯನ್ನು ನನ್ನ ಕೈಗೆ ಕೊಟ್ಟ ದಿನಗಳಲ್ಲಿ, ಸ್ಕೂಟರಿನಲ್ಲೇ ಮಡಿಕೇರಿಗೆ ಹೋಗೋಣ ಎಂದು ನಾನು ಮಾತು ಕೊಟ್ಟಿದ್ದೆ. ನೂರಿಪ್ಪತ್ತು ಕಿಲೋಮೀಟರ್, ಹುಣಸೂರಿನಲ್ಲಿ ತಿಂಡಿ, ಕುಶಾಲನಗರದಲ್ಲಿ ಕಾಫಿ, ರಾಜಾಸೀಟಿನಲ್ಲಿ ಸಂಜೆ. ಗಾಡಿಯ ಅಭ್ಯಾಸ ನೋಡೋಣ ಎಂದು ಮೊದಲು ಸೋಮನಾಥಪುರಕ್ಕೆ ಹೊರಟೆವು. ಬನ್ನೂರು ದಾಟುವ ಹೊತ್ತಿಗೆ ಹಿಂದಿನ ಚಕ್ರ ಪಂಕ್ಚರ್. ಸ್ಟೆಪ್ನಿ ಇತ್ತು. ಅದರಲ್ಲಿ ಗಾಳಿ ಇರಲಿಲ್ಲ. ಕಬ್ಬಿನ ಗದ್ದೆಯ ಪಕ್ಕದ ಮೋರಿಕಟ್ಟೆಯ ಮೇಲೆ ಅವಳು ಕೂತಿದ್ದಳು, ನಾನು ಚಕ್ರ ಉರುಳಿಸಿಕೊಂಡು ಬನ್ನೂರಿಗೆ ಹಿಂತಿರುಗಿದೆ. ಬಂದು ನೋಡಿದರೆ ಅವಳು ಯಾರೋ ರೈತರ ಹೆಂಗಸು ಕೊಟ್ಟ ಕಬ್ಬಿನ ಜಲ್ಲೆ ಸಿಗಿಯುತ್ತಾ, ಆಕೆಯ ಮೂರು ಮಕ್ಕಳ ಹೆಸರು, ಗಂಡನ ಕೋಪತಾಪ ಎಲ್ಲ ತಿಳಿದುಕೊಂಡು ಸುಖವಾಗಿದ್ದಳು. ಸೋಮನಾಥಪುರದ ಶಿಲ್ಪಗಳಲ್ಲಿ ಒಂದೂ ನನಗೀಗ ಸರಿಯಾಗಿ ನೆನಪಿಲ್ಲ. ಆ ಮೋರಿಕಟ್ಟೆ ನೆನಪಿದೆ. ಆಮೇಲೆ ಮಡಿಕೇರಿಗೆ ಬಸ್ಸಿನಲ್ಲಿ ಹೋದೆವು, ಯಾರದೋ ಮದುವೆಗೆ ಟೆಂಪೋ ಟ್ರಾವೆಲರಿನಲ್ಲಿ ಹೋದೆವು. ಸ್ಕೂಟರಿನಲ್ಲಿ ಹೋಗಲಿಲ್ಲ. ಮೊದಲು ಮಳೆ, ಆಮೇಲೆ ಮಗಳು, ಆಮೇಲೆ ಅಮ್ಮನ ಮಂಡಿನೋವು.

ಈ ರೇಂಜಿನ ಲೆಕ್ಕ ತಿಳಿದುಕೊಳ್ಳಲು ಸುಮಾರು ಸಮಯ ಹಿಡಿಯಿತು. ಕಂಪನಿಯವರು ಅಚ್ಚು ಹಾಕಿಸುವ ಕಿಲೋಮೀಟರು ಪ್ರಯೋಗಶಾಲೆಯಲ್ಲಿ ರೋಲರಿನ ಮೇಲೆ ಚಕ್ರ ತಿರುಗಿಸಿ ಅಳೆದದ್ದು. ಅಲ್ಲಿ ಏರು ಇಲ್ಲ, ಎದುರುಗಾಳಿ ಇಲ್ಲ, ಹಿಂದೆ ಕೂತು “ನಿಧಾನ, ನಿಧಾನ” ಎನ್ನುವವರೂ ಇಲ್ಲ. ಪಟ್ಟಿಯಲ್ಲಿ 150 ಎಂದಿದ್ದರೆ ರಸ್ತೆಯಲ್ಲಿ 100, 110 ಎಂದುಕೊಂಡರೆ ನೆಮ್ಮದಿ. ಇನ್ನೂ ಸುಲಭವಾಗಿ ಹೇಳುವುದಾದರೆ ಬ್ಯಾಟರಿಯ ಗಾತ್ರ ನೋಡಬೇಕು. ಒಂದು ಕಿಲೋವ್ಯಾಟ್ ಅವರ್, ಅಂದರೆ ನಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್, ಮೂವತ್ತು ಕಿಲೋಮೀಟರಿನ ಆಸುಪಾಸು ಓಡಿಸುತ್ತದೆ. ಮೂರು ಯೂನಿಟ್ಟಿನ ಬ್ಯಾಟರಿಗೆ ತೊಂಬತ್ತು. ಜೋರಾಗಿ ಓಡಿಸಿದರೆ ಇನ್ನೂ ಕಮ್ಮಿ. ನನ್ನ ಹದಿನೈದು ಕಿಲೋಮೀಟರಿಗೆ ಇದು ಧಾರಾಳ, ಐದು ದಿನಕ್ಕೊಮ್ಮೆ ಚಾರ್ಜು ಹಾಕಿದರೂ ನಡೆದೀತು. ಎರಡೂವರೆ ಯೂನಿಟ್ ಸಾಲದೆ ಎಂದರೆ ಎಲ್ಲರೂ ಸಾಲದು ಎನ್ನುತ್ತಾರೆ. ಜನ ದುಡ್ಡು ಸುರಿಯುವುದು ದಿನಾ ಹೋಗುವ ಹಾದಿಗಲ್ಲ, ಎಂದೂ ಹೋಗದ ಹಾದಿಗೆ. ಅದು ದಡ್ಡತನ ಎಂದು ಹೇಳಲು ನನಗೇಕೋ ಮನಸ್ಸು ಬರಲಿಲ್ಲ.

ದುಡ್ಡಿನ ವಿಷಯದಲ್ಲಿ ಕೇಂದ್ರ ಸರ್ಕಾರಕ್ಕೂ ನನಗೂ ಒಂದು ಮೂಕ ಸ್ಪರ್ಧೆ ನಡೆದಿತ್ತು. 2021ರ ಜೂನಿನಲ್ಲಿ ಅವರು ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರಿಗೆ 15,000 ರೂಪಾಯಿ ಸಬ್ಸಿಡಿ ಕೊಡುತ್ತಿದ್ದರು. ನಾನು ಯೋಚಿಸತೊಡಗಿದೆ. 2023ರ ಜೂನಿನಲ್ಲಿ ಅದು 10,000ಕ್ಕೆ ಇಳಿಯಿತು, ಗಾಡಿಯ ಬೆಲೆಯ ಶೇ 15ರ ಮೇಲೆ ಕೊಡೆವು ಎಂಬ ಕಟ್ಟಳೆ ಬೇರೆ. ನಾನು ಇನ್ನೂ ಆಳವಾಗಿ ಯೋಚಿಸಿದೆ. 2024ರ ಏಪ್ರಿಲಿನಲ್ಲಿ 5,000, ಆಮೇಲೆ 2,500. ಇನ್ನು ಸ್ವಲ್ಪ ಯೋಚಿಸಿದರೆ ಸರ್ಕಾರವೇ ನನ್ನನ್ನು ಕೈಗಡ ಕೇಳುವಂತಿತ್ತು. ಜಿಎಸ್‌ಟಿ ಮಾತ್ರ 5 ಪರ್ಸೆಂಟಿನಲ್ಲೇ ಉಳಿದುಕೊಂಡಿದೆ. ಒಟ್ಟಿನಲ್ಲಿ ನೆಚ್ಚಬಹುದಾದ ಗಾಡಿ ರಸ್ತೆಗಿಳಿಯುವ ಹೊತ್ತಿಗೆ ಲಕ್ಷದಿಂದ ಒಂದೂವರೆ ಲಕ್ಷ. ಅದಕ್ಕಿಂತ ತೀರಾ ಅಗ್ಗಕ್ಕೆ ಸಿಗುವ, ಗಂಟೆಗೆ 25 ಕಿಲೋಮೀಟರ್ ದಾಟದ, ಲೈಸೆನ್ಸೂ ನಂಬರ್ ಪ್ಲೇಟೂ ಬೇಡದ ಗಾಡಿಗಳೂ ಇವೆ. ಒಂದನ್ನು ನಮ್ಮ ಬೀದಿಯ ಟ್ಯೂಷನ್ ಹುಡುಗಿ ಓಡಿಸುತ್ತಾಳೆ. ಅವಳನ್ನು ಸೈಕಲ್ಲಿನವರು ದಾಟಿ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಮೊದಲೇ ಕೊಂಡವರು ಗೆದ್ದರು ಎಂದೂ ಹೇಳಲಾಗದು. 2022ರ ಬೇಸಿಗೆಯಲ್ಲಿ ದೇಶದ ಅಲ್ಲಲ್ಲಿ ಸ್ಕೂಟರುಗಳು ಹೊತ್ತಿಕೊಂಡ ಸುದ್ದಿ ಬಂತು. ಆ ತಿಂಗಳುಗಳಲ್ಲಿ ಕೆರೆ ಏರಿಯ ಗೆಳೆಯರು ನನ್ನನ್ನು ಆಗಲೇ ಸ್ಕೂಟರ್ ಕೊಂಡು ಸುಟ್ಟುಕೊಂಡವನೆಂಬ ಕನಿಕರದಿಂದ ನೋಡುತ್ತಿದ್ದರು. ಆಮೇಲೆ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿಯಾಯಿತು. ಎಐಎಸ್ 156 ಎಂಬ ಆ ನಿಯಮದ ತಿದ್ದುಪಡಿ 2022ರ ಡಿಸೆಂಬರಿನಿಂದ ಎರಡು ಹಂತದಲ್ಲಿ ಜಾರಿಗೆ ಬಂತು. ಹಾಗಾಗಿ ಸಬ್ಸಿಡಿ ತಪ್ಪಿಸಿಕೊಂಡವರಿಗೆ ಇನ್ನಷ್ಟು ಕಟ್ಟುನಿಟ್ಟಾಗಿ ಪರೀಕ್ಷೆಯಾದ ಬ್ಯಾಟರಿ ಸಿಕ್ಕಿತು. ಬ್ಯಾಟರಿಯೊಳಗಿನ ರಸಾಯನವೂ ಒಂದೇ ಅಲ್ಲ. ಎನ್‌ಎಂಸಿ ಎಂಬುದು ಹಗುರ, ಸಣ್ಣ ಜಾಗದಲ್ಲಿ ಹೆಚ್ಚು ಶಕ್ತಿ ಹಿಡಿಯುತ್ತದೆ. ಎಲ್‌ಎಫ್‌ಪಿ ಎಂಬುದು ತೂಕದ್ದು, ಆದರೆ ಬಿಸಿ ತಡೆಯುತ್ತದೆ, ಬಾಳಿಕೆಯೂ ಹೆಚ್ಚು. ಬಿಸಿಲಲ್ಲಿ ಓಡಿಸಿಕೊಂಡು ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಸ್ವಲ್ಪ ಆರಲಿ ಎಂದು ಶೋರೂಮಿನವನು ಹೇಳಿದಾಗ, ಬಿಸಿಲಿಂದ ಬಂದ ತಕ್ಷಣ ನೀರು ಕುಡಿಯಬೇಡ, ಕೂತು ಸುಧಾರಿಸಿಕೋ ಎನ್ನುತ್ತಿದ್ದ ನಮ್ಮ ಅಮ್ಮ ಕಣ್ಣ ಮುಂದೆ ಬಂದರು. ಅಮ್ಮನಿಗೆ ಲಿಥಿಯಂ ಗೊತ್ತಿರಲಿಲ್ಲ, ಅಷ್ಟೆ.

ವಾರಂಟಿ ಕಾಗದವನ್ನು ನಾನು ಪೂರ್ತಿ ಓದಿದೆ. ಮೇಷ್ಟರ ಬುದ್ಧಿ. ಸ್ವಲ್ಪ ಹೆಚ್ಚಿಗೆ ದುಡ್ಡು ಕೊಟ್ಟರೆ ಎಂಟು ವರ್ಷ ಅಥವಾ 80,000 ಕಿಲೋಮೀಟರಿನವರೆಗೆ ಬ್ಯಾಟರಿಯ ಆರೋಗ್ಯ ಶೇ 70ಕ್ಕಿಂತ ಕೆಳಗಿಳಿಯದು ಎಂದು ಬರೆದುಕೊಡುವವರಿದ್ದಾರೆ. ಎಂಟು ವರ್ಷವಾದ ಮೇಲೆ ಶೇ 70! ನನ್ನ ಡಾಕ್ಟರು ಇಂಥ ಕಾಗದ ಬರೆದುಕೊಡುವುದಾದರೆ ಎಷ್ಟು ಕೇಳಿದರೂ ಕೊಟ್ಟೇನು. ತಮಾಷೆ ಇರಲಿ, ಓದಬೇಕಾದ ಕಾಗದ ಅದೊಂದೇ. ಹೊಸ ಬ್ಯಾಟರಿ ಎಂದರೆ ಐವತ್ತು ಸಾವಿರದ ಮೇಲಿನ ಮಾತು. ಟಚ್ ಸ್ಕ್ರೀನು, ಹಾಡು, ದಾರಿ ತೋರಿಸುವ ನಕ್ಷೆ ಎಲ್ಲ ಆಮೇಲಿನದು. ಮನೆಯಿಂದ ಕಾಲೇಜಿಗೆ ದಾರಿ ತಪ್ಪುವ ಸ್ಥಿತಿ ನನಗಿನ್ನೂ ಬಂದಿಲ್ಲ.

ಹೆಂಡತಿಯದು ಬೇರೆಯೇ ಲೆಕ್ಕ.

“ರೀ, ಇದು ಕರೆಂಟು ಕುಡಿದು ಇನ್ನೂರು ಯೂನಿಟ್ ದಾಟಿಸಿಬಿಟ್ಟರೆ?”

ಗೃಹಜ್ಯೋತಿ ಬಂದಾಗಿನಿಂದ ನಮ್ಮ ಮನೆಯ ಮೀಟರಿನ ಮೇಲೆ ಅವಳ ಕಣ್ಣಿದೆ. ಇನ್ನೂರು ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ದಿನಕ್ಕೆ ಅರ್ಧ ಯೂನಿಟ್ಟು, ತಿಂಗಳಿಗೆ ಹದಿನೈದು, ಚಾರ್ಜರಿನಲ್ಲಿ ಸೋರುವುದು ಸೇರಿ ಹದಿನೆಂಟು ಎಂದು ಹಾಳೆಯಲ್ಲಿ ಬರೆದು ತೋರಿಸಿದೆ. ದುಡ್ಡು ಕೊಟ್ಟೇ ಕೊಂಡರೂ ಒಂದು ಪೂರ್ತಿ ಚಾರ್ಜಿಗೆ ಇಪ್ಪತ್ತು ಇಪ್ಪತ್ತೈದು ರೂಪಾಯಿ. ಪೆಟ್ರೋಲ್ ನೂರು ದಾಟಿ ಎಷ್ಟೋ ಕಾಲವಾಯಿತು. ಅವಳು ಹಾಳೆಯನ್ನು ಮಡಿಸಿ ಮಿಕ್ಸಿಯ ಕೆಳಗಿಟ್ಟಳು.

“ಇದರ ಹಿಂದೆ ಸೀಟು ಉದ್ದ ಇರೋದು ನೋಡು, ಫ್ಯಾಮಿಲಿ ಗಾಡಿ” ಎಂದೆ.

“ಯಾವ ಫ್ಯಾಮಿಲಿ?” ಎಂದಳು. “ನಂಗೆ ಬಸ್ಸು ಫ್ರೀ.”

ಶಕ್ತಿ ಯೋಜನೆ ಬಂದ ಮೇಲೆ ಅವಳು ನನ್ನ ಹಿಂದೆ ಕೂರುವುದನ್ನೇ ಬಿಟ್ಟಿದ್ದಾಳೆ. ಸಿಟಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಆಧಾರ್ ತೋರಿಸಿ, ಗೆಳತಿಯರ ಜೊತೆ ಶ್ರೀರಂಗಪಟ್ಟಣಕ್ಕೂ ಹೋಗಿ ಬರುತ್ತಾಳೆ. ಅಗ್ಗ, ನೆಚ್ಚಿಕೆ, ದಿನನಿತ್ಯದ ಓಡಾಟ ಎಂಬ ಮೂರನ್ನೂ ತೂಗಿದರೆ ಕೆಎಸ್ಸಾರ್ಟಿಸಿಯನ್ನು ಸೋಲಿಸುವ ಸ್ಕೂಟರು ಇಲ್ಲ. ಗಂಡಸರಿಗೆ ಅದು ಅನ್ವಯಿಸುವುದಿಲ್ಲ, ಅಷ್ಟೇ. ತಂದೆಯವರ ಚೇತಕ್ಕಿನಲ್ಲಿ ನಾನೂ ಅಕ್ಕನೂ ನಡುವೆ ಸಿಕ್ಕಿಕೊಂಡು, ಅಮ್ಮ ಹಿಂದೆ ಒಂದು ಪಕ್ಕಕ್ಕೆ ಕೂತು, ಅಮ್ಮನ ತೊಡೆಯ ಮೇಲೆ ತೆಂಗಿನಕಾಯಿ ಚೀಲ ಕೂತು ದಸರಾ ದೀಪ ನೋಡಲು ಹೋಗುತ್ತಿದ್ದೆವು. ಆ ಸೀಟಿನ ಉದ್ದ ಈಗಿನ ಸೀಟಿಗಿಂತ ಕಮ್ಮಿಯೇ. ಶೋರೂಮಿನಲ್ಲಿ ನಾನು ಒಬ್ಬನೇ ಕೂತು ಕನ್ನಡಿಯಲ್ಲಿ ನೋಡಿದರೆ ಹಿಂದೆ ಇನ್ನೂ ಇಬ್ಬರಿಗೆ ಜಾಗವಿತ್ತು. “ಸಾರ್, ಲೆಗ್ ಸ್ಪೇಸ್ ನೋಡಿ” ಎಂದು ಹುಡುಗ ಉತ್ಸಾಹದಿಂದ ತೋರಿಸಿದ. ಸಿಲಿಂಡರ್ ಇಡಬಹುದೇ ಎಂದು ಕೇಳಿದೆ. ಈಗ ಸಿಲಿಂಡರ್ ಮನೆಗೇ ಬರುತ್ತಲ್ಲ ಸಾರ್ ಎಂದ.

ನಿಜವಾದ ಬುದ್ಧಿಮಾತು ಸಿಕ್ಕಿದ್ದು ಇಬ್ಬರಿಂದ. ಒಬ್ಬರು ಅಗ್ರಹಾರದ ನಮ್ಮ ಹಳೆಯ ಮೆಕ್ಯಾನಿಕ್. ತಂದೆಯವರ ಚೇತಕ್ಕನ್ನೂ ನನ್ನ ಗಾಡಿಯನ್ನೂ ನೋಡಿಕೊಂಡವರು. ಎಲೆಕ್ಟ್ರಿಕ್ ಎಂದಾಗ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ಒರೆಸುವ ಬಟ್ಟೆಗೆ ಕೈ ಒರೆಸಿಕೊಂಡರು.

“ಮೇಷ್ಟ್ರೇ, ಅದರಲ್ಲಿ ನಮಗೇನಿದೆ? ಪ್ಲಗ್ ಇಲ್ಲ, ಕಾರ್ಬೊರೇಟರ್ ಇಲ್ಲ, ಆಯಿಲ್ ಇಲ್ಲ. ಬ್ರೇಕು, ಟೈರು, ಬೇರಿಂಗು ಇಷ್ಟೇ. ನಮ್ಮ ಹುಡುಗ ಅದಕ್ಕೇ ಮೊಬೈಲ್ ರಿಪೇರಿ ಕಲೀತಾವ್ನೆ.” ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದುವರಿಸಿದರು. “ತಗೊಳ್ಳಿ, ಒಳ್ಳೇದೇ. ಆದ್ರೆ ಶೋರೂಮಿನ ಮುಂದೆ ನಿಂತು ನೋಡ್ಬೇಡಿ. ಹಿಂದುಗಡೆ ಸರ್ವಿಸ್ ಶೆಡ್ಡಿಗೆ ಹೋಗಿ. ಧೂಳು ಕೂತಿರೋ ಗಾಡಿ ಎಷ್ಟಿದೆ ಎಣಿಸಿ. ಪಾರ್ಟು ಬಂದಿಲ್ಲ ಅಂತ ನಿಂತಿರೋ ಗಾಡಿ ಮೇಲೆ ಧೂಳು ಸುಳ್ಳು ಹೇಳಲ್ಲ.”

ಇನ್ನೊಬ್ಬ, ಹೋಟೆಲಿನ ಮುಂದೆ ಪಾರ್ಸೆಲ್ಲಿಗೆ ಕಾಯುತ್ತಿದ್ದ ಡೆಲಿವರಿ ಹುಡುಗ. ಸ್ಕೂಟರಿನ ವಿಷಯ ಕೇಳಬೇಕಾದದ್ದು ಇವರನ್ನೇ. ನಾವು ವಾರದಲ್ಲಿ ಓಡಿಸುವುದನ್ನು ಅವರು ಒಂದು ದಿನದಲ್ಲಿ ಓಡಿಸುತ್ತಾರೆ, ಹೊಂಡ ಬಿಡುವುದಿಲ್ಲ, ಮಳೆ ಬಿಡುವುದಿಲ್ಲ. “ಅಂಕಲ್, ಗಾಡಿ ಎಲ್ಲಾ ಹೆಚ್ಚುಕಮ್ಮಿ ಒಂದೇ. ಕೆಟ್ಟಾಗ ಯಾರು ಎತ್ಕೊಂಡು ಹೋಗ್ತಾರೆ, ಎಷ್ಟು ದಿನಕ್ಕೆ ಕೊಡ್ತಾರೆ, ಅದನ್ನ ಕೇಳಿ” ಎಂದು ಹೇಳಿ, ದೋಸೆಯ ಪೊಟ್ಟಣ ಬೆನ್ನಿಗೇರಿಸಿ ಸದ್ದಿಲ್ಲದೆ ಹೋಗಿಬಿಟ್ಟ.

ಎರಡನ್ನೂ ಸೇರಿಸಿ ನಾನೊಂದು ಸೂತ್ರ ಮಾಡಿಕೊಂಡೆ. ಈ ಗಾಡಿಗಳ ತೂಕ ನೂರಹದಿನೈದರಿಂದ ನೂರಮೂವತ್ತು ಕೆಜಿ. ನನ್ನ ವಯಸ್ಸಿನಲ್ಲಿ ಅದನ್ನು ಒಂದೂವರೆ ಕಿಲೋಮೀಟರ್ ತಳ್ಳಬಹುದು, ಅದೂ ಏರಿಲ್ಲದಿದ್ದರೆ. ಆದ್ದರಿಂದ ತಳ್ಳಿಕೊಂಡು ಹೋಗುವ ದೂರದೊಳಗೆ ಸರ್ವಿಸ್ ಸೆಂಟರ್ ಇರುವ ಕಂಪನಿಗಳು ಯಾವುವು ಎಂದು ನೋಡಿದೆ. ಎರಡೇ ಉಳಿದವು. ಎರಡರ ಶೆಡ್ಡಿಗೂ ಹೋಗಿ ಧೂಳು ನೋಡಿದೆ. ಒಂದೇ ಉಳಿಯಿತು. ಯಾವುದೆಂದು ಹೇಳುವುದಿಲ್ಲ, ಹೇಳಿದರೆ ನೀವು ಅದಕ್ಕಿಂತ ಒಳ್ಳೆಯದೊಂದನ್ನು ಹೇಳುತ್ತೀರಿ.

ಹಾಗೆಂದು ಬೆಟ್ಟ ಹತ್ತದ ಗಾಡಿಗೆ ಮೈಸೂರಿನಲ್ಲಿ ಮರ್ಯಾದೆಯಿಲ್ಲ. ಸಹೋದ್ಯೋಗಿಯೊಬ್ಬರು ಅದೇ ಮಾದರಿಯ ಗಾಡಿಯನ್ನು ಒಂದು ಭಾನುವಾರ ಕೊಟ್ಟರು. ಚಾಮುಂಡಿ ಬೆಟ್ಟ ಹತ್ತುವಾಗ ಚಾರ್ಜಿನ ಅಂಕಿ ಕಣ್ಣೆದುರೇ ಸರಸರನೆ ಇಳಿಯಿತು, ಗಾಡಿ ಮಾತ್ರ ದಣಿಯಲಿಲ್ಲ. ಇಳಿಯುವಾಗ ಮೋಟಾರೇ ಡೈನಮೋ ಆಗಿ ಕರೆಂಟು ಮಾಡುತ್ತದೆ ಎಂದು ಕೇಳಿದ್ದೆ. ಕೆಳಗೆ ಬಂದು ನೋಡಿದರೆ ಒಂದು ಪರ್ಸೆಂಟ್ ಹೆಚ್ಚಾಗಿತ್ತು. ತಾಯಿ ಅಷ್ಟಾದರೂ ಕೊಟ್ಟಳಲ್ಲ ಎಂದು ಕೈಮುಗಿದೆ.

ಗಾಡಿಗೆ ಸದ್ದಿಲ್ಲ ಎಂಬುದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದರ ಬಗ್ಗೆ ಎರಡು ಮನಸ್ಸು. ತಂದೆಯವರ ಸ್ಕೂಟರು ಬೀದಿಯ ಮೂಲೆಗೆ ತಿರುಗುವ ಸದ್ದು ಮನೆಗೆ ಕೇಳುತ್ತಿತ್ತು. ಆ ಸದ್ದಿಗೂ ಅವರು ಗೇಟು ತೆಗೆಯುವುದಕ್ಕೂ ನಡುವಿನ ಅಷ್ಟು ಹೊತ್ತಿನಲ್ಲಿ ನಮ್ಮ ಮನೆ ಸಂಪೂರ್ಣ ಸುಧಾರಿಸಿಬಿಡುತ್ತಿತ್ತು. ಸಿಲೋನ್ ರೇಡಿಯೋ ಧಾರವಾಡಕ್ಕೆ ತಿರುಗುತ್ತಿತ್ತು, ಕಾದಂಬರಿಯ ಮೇಲೆ ಆಲ್ಜಿಬ್ರಾ ಬರುತ್ತಿತ್ತು, ಅಕ್ಕ ಜಡೆ ಬಿಗಿದುಕೊಳ್ಳುತ್ತಿದ್ದಳು, ಅಮ್ಮ ಡಿಕಾಕ್ಷನ್ ಬಗ್ಗಿಸುತ್ತಿದ್ದರು. ತಂದೆ ಒಳಗೆ ಬಂದಾಗ ಅವರಿಗೆ ಕಾಣುತ್ತಿದ್ದದ್ದು ಆದರ್ಶ ಸಂಸಾರ. ಅವರು ಕೊನೆಯವರೆಗೂ ಅದನ್ನು ನಂಬಿದ್ದರು. ಅಥವಾ ಬೀದಿಯ ಮೂಲೆಯಲ್ಲಿ ಬೇಕೆಂದೇ ಗೇರ್ ಇಳಿಸಿ ಇನ್ನಷ್ಟು ಸದ್ದು ಮಾಡುತ್ತಿದ್ದರೋ ಏನೋ, ಈಗ ಅನುಮಾನ ಬರುತ್ತದೆ. ಈಗಿನ ಅಪ್ಪಂದಿರು ಏಕಾಏಕಿ ಹಾಲಿನ ಮಧ್ಯೆ ಪ್ರತ್ಯಕ್ಷರಾಗುತ್ತಾರೆ. ಯಾರಿಗೂ ಕ್ಷೇಮವಲ್ಲ.

ಗಾಡಿ ಬರುವ ಮೊದಲು ಎಲೆಕ್ಟ್ರಿಷಿಯನ್ ಬಂದು ವರಾಂಡದ ಪ್ಲಗ್ ಪಾಯಿಂಟ್ ಬಿಚ್ಚಿ ನೋಡಿ ನಕ್ಕ. ಅರ್ತ್ ವೈರ್ ಇತ್ತು, ಗೋಡೆಯವರೆಗೆ ಬಂದು ಅಲ್ಲೇ ನಿಂತಿತ್ತು, ಭೂಮಿ ಮುಟ್ಟಿರಲಿಲ್ಲ. ನಲವತ್ತು ವರ್ಷದಿಂದ ನಾವು ದೇವರ ದಯೆಯಿಂದ ಬದುಕಿದ್ದೇವೆಂದು ಅವತ್ತು ಗೊತ್ತಾಯಿತು. ದಾಸವಾಳದ ಗಿಡದ ಪಕ್ಕ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಹೊಸ ಅರ್ತಿಂಗ್ ಮಾಡಿ, ಹದಿನೈದು ಆಂಪಿಯರ್ ಸಾಕೆಟ್ ಹಾಕಿದ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕ್ತಿರಿ ಎಂದ. ಈಗ ನನ್ನ ಹೆಂಡತಿ ದಾಸವಾಳಕ್ಕೊಂದು ಚೊಂಬು, ಸ್ಕೂಟರಿಗೊಂದು ಚೊಂಬು ನೀರು ಹಾಕುತ್ತಾಳೆ.

ಹಸಿರು ನಂಬರ್ ಪ್ಲೇಟಿನ ಗಾಡಿ ಬಂದ ದಿನ ಪುಣೆಯಿಂದ ಮಗಳು ವಿಡಿಯೋ ಕಾಲಿನಲ್ಲಿ ಆಪ್ ಹಾಕಿಸಿದಳು. ಒಟಿಪಿ ಹೇಳಪ್ಪ ಎಂದಳು, ಹೇಳಿದೆ. ಯಾರಿಗೂ ಒಟಿಪಿ ಹೇಳಬಾರದೆಂದು ಬ್ಯಾಂಕಿನವರು ಹೇಳುತ್ತಲೇ ಇರುತ್ತಾರೆ. ಮಕ್ಕಳ ವಿಷಯ ಅವರು ಎತ್ತಿಲ್ಲ. ಆಪ್ ಅವಳ ಫೋನಿನಲ್ಲೇ ಇದೆ. ಎಷ್ಟು ಚಾರ್ಜಿದೆ, ಎಲ್ಲಿ ನಿಂತಿದೆ, ಬೀಗ ಹಾಕಿದೆಯೋ ಇಲ್ಲವೋ ಎಲ್ಲ ಅವಳಿಗೆ ಅಲ್ಲಿ ಕಾಣುತ್ತದೆ.

ಕಳೆದ ವಾರ ನಜರ್‌ಬಾದಿನ ಮೈಲಾರಿ ಹೋಟೆಲಿನಲ್ಲಿ ಕೂತಿದ್ದಾಗ ಫೋನ್ ಬಂತು.

“ಅಪ್ಪ, ಬೆಣ್ಣೆ ಕಮ್ಮಿ ಮಾಡಿ ಅಂದಿದ್ದಾರೆ ಡಾಕ್ಟ್ರು.”

“ನಾನು ಕಾಲೇಜಿನಲ್ಲಿದ್ದೀನಮ್ಮ.”

“ಗಾಡಿ ನಜರ್‌ಬಾದಲ್ಲಿದೆ. ಇಪ್ಪತ್ತು ನಿಮಿಷದಿಂದ. ಎಷ್ಟಾಯ್ತು?”

“ಒಂದು.”

“ಅಪ್ಪ.”

“ಎರಡು.”

“ಸರಿ, ಅಮ್ಮನಿಗೆ ಹೇಳಲ್ಲ” ಎಂದಳು. ಸ್ವಲ್ಪ ತಡೆದು, “ಹೇಗಿದೆ ಇವತ್ತು? ಸಾಗು ಅದೇ ಥರಾನಾ?” ಎಂದು ಕೇಳಿದಳು. ಅದೇ ಥರ ಎಂದೆ. ಪುಣೆಯಲ್ಲಿ ದೋಸೆ ಎಂದು ಏನೇನು ಕೊಡುತ್ತಾರೆ ಎಂಬ ಕಥೆ ಶುರುವಾಯಿತು. ಎದುರಿನ ಮೇಜಿನವರು ಎದ್ದುಹೋಗಿ ಬೇರೆಯವರು ಬಂದು ಕೂತರೂ ಅವಳ ಕಥೆ ಮುಗಿದಿರಲಿಲ್ಲ, ಅಷ್ಟರಲ್ಲಿ ಸಪ್ಲೈಯರ್ ಬಂದು ಇನ್ನೊಂದು ಹಾಕಲಾ ಎಂದ. ಫೋನಿಗೆ ಕೈ ಅಡ್ಡ ಹಿಡಿದು, ಹಾಕು ಎಂದು ಸನ್ನೆ ಮಾಡಿದೆ.